ಯಾರು ತಿರುಗಿ ಬಂದರು? ಒಬ್ಬ ಚಿತ್ರಕಾರ ತನ್ನ ಬದುಕನ್ನೇ ರಂಗಕ್ಕೆ ತಂದ ಬಗೆ

'ಸತ್ತ ತರಗತಿ' ಅನ್ನುವ ಪೋಲಿಷ್ ನಾಟಕದ ಚಿತ್ರೀಕರಣವನ್ನು ನಾನು ಮೊದಲ ಸಲ ನೋಡಿದ್ದು ಲ್ಯಾಪ್‌ಟಾಪಿನಲ್ಲಿ. ಹದಿನೈದು ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ಪೋಲಿಷ್ ಭಾಷೆ ಬರುವುದಿಲ್ಲ ಅನ್ನೋದು ಒಂದು ಕಾರಣ, ಸರಿ. ಆದರೆ ಅದಕ್ಕಿಂತ ಜಾಸ್ತಿ, ಏನು ನಡೆಯುತ್ತಿದೆ ಅಂತಲೇ ತಲೆಗೆ ಹೋಗಲಿಲ್ಲ. ಕಪ್ಪು ಬಟ್ಟೆಯ ಮುದುಕ ಮುದುಕಿಯರು ಹಳೇ ಶಾಲೆಯ ಬೆಂಚುಗಳಲ್ಲಿ ಒತ್ತಿಕೊಂಡು ಕೂತಿದ್ದಾರೆ. ನಮ್ಮ ಕಡೆಗೇ ದಿಟ್ಟಿಸುತ್ತಿದ್ದಾರೆ. ಒಬ್ಬರು ಮೆಲ್ಲಗೆ ಎರಡು ಬೆರಳು ಎತ್ತುತ್ತಾರೆ, ಆಮೇಲೆ ಇನ್ನೊಬ್ಬರು. ನಮ್ಮ ಶಾಲೆಗಳಲ್ಲಿ ಮಕ್ಕಳು 'ಒಂದಕ್ಕೆ' ಅಂತ ಕಿರುಬೆರಳು ತೋರಿಸುತ್ತಾರಲ್ಲ, ಥೇಟ್ ಹಾಗೆ. ಹೊರಗೆ ಹೋಗಲು ಅಪ್ಪಣೆ ಬೇಕು. ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದು ಕತ್ತಲಲ್ಲಿ ಕರಗಿ ಹೋಗುತ್ತಾರೆ. ಬೆಂಚುಗಳು ಖಾಲಿ.

ಸ್ವಲ್ಪ ಹೊತ್ತಿಗೆ ಒಂದು ಹಳೇ ವಾಲ್ಟ್ಸ್, ಅಂದರೆ ಯುರೋಪಿನ ಜೋಡಿಕುಣಿತದ ಸಂಗೀತ, ಜೋರಾಗಿ ಶುರುವಾಗುತ್ತದೆ. ಹೋದ ಮುದುಕರೆಲ್ಲ ಮೆರವಣಿಗೆಯಲ್ಲಿ ವಾಪಸ್ ಬರುತ್ತಾರೆ. ಈ ಸಲ ಅವರ ಜೊತೆ ಗೊಂಬೆಗಳಿವೆ. ಶಾಲೆಯ ಬಟ್ಟೆ ಹಾಕಿದ, ಮಕ್ಕಳ ಗಾತ್ರದ ಮೇಣದ ಗೊಂಬೆಗಳು. ಕೆಲವು ಬೆನ್ನಿಗೆ ಜೋತುಬಿದ್ದಿವೆ, ಕೆಲವು ತೋಳಿನಿಂದ ನೇತಾಡುತ್ತಿವೆ. ಅವೆಲ್ಲ ಈ ಮುದುಕರ ಬಾಲ್ಯವೇ. ಸತ್ತುಹೋದ ತಮ್ಮ ಬಾಲ್ಯವನ್ನು ಹೆಣದಂತೆ ಹೊತ್ತು ಇವರು ಮತ್ತೆ ಶಾಲೆಗೆ ಬಂದಿದ್ದಾರೆ.

ಇಷ್ಟರ ನಡುವೆ ಪಕ್ಕದಲ್ಲಿ ಕಪ್ಪು ಸೂಟಿನ ಒಬ್ಬ ತೆಳ್ಳಗಿನ ಮನುಷ್ಯ ನಿಂತಿರುತ್ತಾನೆ. ಅವನಿಗೆ ಪಾತ್ರವಿಲ್ಲ, ಮಾತಿಲ್ಲ. ಕೈಯಲ್ಲೇ ಸನ್ನೆ ಮಾಡುತ್ತಾನೆ, ಒಬ್ಬ ನಟನ ಹತ್ತಿರ ಹೋಗಿ ಏನೋ ಸರಿಪಡಿಸುತ್ತಾನೆ, ಸುಮ್ನೆ ನೋಡುತ್ತಾ ನಿಲ್ಲುತ್ತಾನೆ. ಅವನೇ ತದೇವುಶ್ ಕಾಂತೋರ್. ಪೋಲೆಂಡಿನ ಚಿತ್ರಕಾರ, ನಾಟಕ ನಿರ್ದೇಶಕ. ಹುಟ್ಟಿದ್ದು 1915ರಲ್ಲಿ, ತೀರಿಕೊಂಡಿದ್ದು 1990ರಲ್ಲಿ.

ಕಾಂತೋರ್ ನಾಟಕಗಳನ್ನು ನೋಡಿದವರು ಮೊದಲು ಕೇಳುವ ಪ್ರಶ್ನೆ 'ಕಥೆ ಏನು?' ಆ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ನಾನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಬಹಳ ದಿನ ಆದಮೇಲೆ ಇನ್ನೊಂದು ಪ್ರಶ್ನೆ ಹಿಡಿದು ನೋಡಿದೆ: ಇಲ್ಲಿ ಯಾರು ತಿರುಗಿ ಬಂದಿದ್ದಾರೆ, ಯಾವ ವೇಷದಲ್ಲಿ ಬಂದಿದ್ದಾರೆ? ಆಗ ಬಾಗಿಲು ತೆರೆಯಿತು. ಅವನ ನಾಟಕಗಳಲ್ಲಿ ಯಾರಾದರೂ ವಾಪಸ್ ಬರುತ್ತಲೇ ಇರುತ್ತಾರೆ. ಹೋದ ಹಾಗೆ ಮಾತ್ರ ಯಾರೂ ಬರುವುದಿಲ್ಲ.

ಇದಕ್ಕೆ ಬೇರು ಅವನ ಮನೆಯಲ್ಲೇ ಇದೆ. ಕಾಂತೋರ್ ಹುಟ್ಟಿದ್ದು ವ್ಯೆಲೋಪೋಲೆ ಎಂಬ ಸಣ್ಣ ಊರಿನಲ್ಲಿ. ಆಗ ಪೋಲೆಂಡ್ ಅಂತ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ಆ ಭಾಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಊರಲ್ಲಿ ಒಂದು ಕಡೆ ಕ್ಯಾಥೊಲಿಕ್ಕರು, ಒಂದು ಕಡೆ ಯೆಹೂದಿಗಳು. ಚರ್ಚೂ ಇತ್ತು, ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗೂ ಇತ್ತು. ಅವನು ಬೆಳೆದಿದ್ದು ಅಜ್ಜಿಯ ಕಡೆಯ ಸಂಬಂಧಿಯಾದ ಪಾದ್ರಿಯೊಬ್ಬರ ಮನೆಯಲ್ಲಿ. ಅಪ್ಪ ಮಾರಿಯಾನ್ ಮೇಷ್ಟ್ರಾಗಿದ್ದವನು. ಮೊದಲನೇ ಮಹಾಯುದ್ಧಕ್ಕೆ ಹೋದ. ಸಾಯಲಿಲ್ಲ, ಆದರೆ ಹೆಂಡತಿ ಮಕ್ಕಳ ಹತ್ತಿರ ತಿರುಗಿ ಬರಲೂ ಇಲ್ಲ. ಬೇರೆ ಊರಲ್ಲಿ ಬೇರೆ ಬದುಕು ಕಟ್ಟಿಕೊಂಡ. ಕಡೆಗೆ 1942ರಲ್ಲಿ ನಾಜಿಗಳ ಆಶ್‌ವಿಟ್ಸ್ ಶಿಬಿರದಲ್ಲಿ ಸತ್ತ. ಮಗನಿಗೆ ಅಪ್ಪ ಅಂದರೆ ಸೈನಿಕನ ಸಮವಸ್ತ್ರದ ಒಂದು ಫೋಟೋ, ಅಷ್ಟೇ.

ಎರಡನೇ ಮಹಾಯುದ್ಧ ಬಂದಾಗ ಕಾಂತೋರ್ ಕ್ರಾಕೋವ್ ನಗರದಲ್ಲಿದ್ದ. ಅಲ್ಲಿನ ಲಲಿತಕಲಾ ಅಕಾಡೆಮಿಯಲ್ಲಿ ಓದು ಮುಗಿಸಿದ್ದು 1939ರಲ್ಲಿ, ಅದೇ ವರ್ಷ ನಾಜಿಗಳು ಊರು ಹಿಡಿದರು. ಪೋಲಿಷ್ ರಂಗಭೂಮಿ ಮುಚ್ಚಿಹೋಯಿತು. ಅವನು ಮತ್ತು ಗೆಳೆಯರು ಮನೆಗಳ ಒಳಗೆ ಕದ್ದು ನಾಟಕ ಆಡತೊಡಗಿದರು. ಸಿಕ್ಕಿಬಿದ್ದರೆ ಗತಿ ಏನು ಅಂತ ಎಲ್ಲರಿಗೂ ಗೊತ್ತಿತ್ತು.

1944ರಲ್ಲಿ ಅವರು ಆಡಿದ್ದು ಪೋಲಿಷ್ ನಾಟಕಕಾರ ವಿಸ್ಪ್ಯಾನ್ಸ್ಕಿ ಬರೆದ 'ಒಡಿಸಿಯಸ್ಸನ ಮರಳುವಿಕೆ'. ಟ್ರಾಯ್ ಯುದ್ಧ ಮುಗಿಸಿ, ವರ್ಷಗಟ್ಟಲೆ ಅಲೆದು ಮನೆಗೆ ಬರುವ ವೀರನ ಕಥೆ. ಪ್ರೇಕ್ಷಕರು ಬಂದು ಕೂತಿದ್ದು ಹಾಳುಬಿದ್ದ ಒಂದು ಕೋಣೆಯಲ್ಲಿ. ಅಲ್ಲೊಂದು ಕೆಸರು ಮೆತ್ತಿದ ಗಾಡಿಚಕ್ರ, ಒಂದು ಕೊಳೆತ ಹಲಗೆ, ಒಂದು ತುಪಾಕಿಯ ನಳಿಗೆ, ಧ್ವನಿವರ್ಧಕ. ಯಾರೋ ಒಬ್ಬ ಬೆನ್ನು ತೋರಿಸಿ ಮುದುರಿ ಕೂತಿದ್ದಾನೆ. ತಲೆ ಮೇಲೆ ಜರ್ಮನ್ ಸೈನಿಕರ ಹೆಲ್ಮೆಟ್ಟು. ಅವನು ತಿರುಗಿ, ತಾನೇ ಒಡಿಸಿಯಸ್ ಅನ್ನುತ್ತಾನೆ.

ಒಂದು ಕ್ಷಣ ಆ ಕೋಣೆಯಲ್ಲಿ ಕೂತು ಯೋಚಿಸಿ. ಹೊರಗೆ ಬೀದಿಯಲ್ಲಿ ಅದೇ ಹೆಲ್ಮೆಟ್ಟು ಹಾಕಿದವರು ಓಡಾಡುತ್ತಿದ್ದಾರೆ. ಜರ್ಮನಿ ಸೋಲುವ ಹಾದಿ ಹಿಡಿದಿದೆ. ಪೂರ್ವದ ರಣರಂಗದಿಂದ ಕೆಸರು ಮೆತ್ತಿಕೊಂಡ ಸೈನಿಕರು ಹಿಂದೆ ಸರಿಯುತ್ತಿದ್ದಾರೆ. ಹಾಗಾಗಿ ಇಲ್ಲಿ ತಿರುಗಿ ಬಂದವನು ಗ್ರೀಸಿನ ವೀರನೂ ಹೌದು, ಇವತ್ತಿನ ಶತ್ರುವೂ ಹೌದು. ಎರಡೂ ಒಂದೇ ದೇಹದಲ್ಲಿ. ಅದನ್ನು ಮಾಡಿದ್ದು ಸಂಭಾಷಣೆ ಅಲ್ಲ, ಒಂದು ಹೆಲ್ಮೆಟ್ಟು.

ಕಾಂತೋರ್ ಕಡೆಯವರೆಗೂ ಬಿಡದ ಒಂದು ಮಾತು ಇಲ್ಲಿಂದ ಹುಟ್ಟಿತು: 'ಬಡ ವಸ್ತು'. ಕೇಳಿದರೆ ದೊಡ್ಡ ಸಿದ್ಧಾಂತ ಅನ್ನಿಸುತ್ತದೆ, ವಿಷಯ ಸರಳವಾಗಿದೆ. ರಂಗದ ಮೇಲೆ ಇಡಲೆಂದೇ ಬಣ್ಣ ಹಚ್ಚಿ ಮಾಡಿದ ಸಿಂಹಾಸನ ಸುಳ್ಳು. ಬೀದಿಯಿಂದ ಎತ್ತಿ ತಂದ ಚಕ್ರ ಸುಳ್ಳಾಗಲು ಸಾಧ್ಯವಿಲ್ಲ. ಅದು ನಿಜವಾಗಿ ಉರುಳಿದೆ, ನಿಜವಾಗಿ ಮುರಿದಿದೆ. ಕಸಕ್ಕೆ ಹೋಗುವ ಹೊತ್ತಿಗೆ ಬಂದ ವಸ್ತುವಿಗೆ ಬಳಕೆ ಅನ್ನೋದು ಮುಗಿದಿರುತ್ತದೆ. ಆಗ ಅದು ಬರೀ ತಾನಾಗಿ ನಿಲ್ಲುತ್ತದೆ. ಅಂಥ ವಸ್ತುವಿನಲ್ಲೇ ನೆನಪು ಕೂತಿರುತ್ತದೆ ಅಂತ ಅವನ ನಂಬಿಕೆ. ಸತ್ತವರ ಕನ್ನಡಕ, ಸವೆದ ಚಪ್ಪಲಿ ಇಟ್ಟುಕೊಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧದ ನಂತರದ ಹತ್ತಿಪ್ಪತ್ತು ವರ್ಷಗಳನ್ನು ಬೇಗ ದಾಟಿಬಿಡೋಣ. ಕಮ್ಯುನಿಸ್ಟ್ ಆಡಳಿತ ಕಲಾವಿದರ ಮೇಲೆ ಸಮಾಜವಾದಿ ವಾಸ್ತವವಾದವನ್ನು, ಅಂದರೆ ಪಕ್ಷದ ಆದರ್ಶಗಳನ್ನು ಎತ್ತಿಹಿಡಿಯುವ ಕಲೆಯನ್ನೇ ಮಾಡಬೇಕು ಅನ್ನುವ ನಿಯಮವನ್ನು, ಹೇರಿತು. ಕಾಂತೋರ್ ಒಪ್ಪಲಿಲ್ಲ, ಅಕಾಡೆಮಿಯ ಕೆಲಸ ಹೋಯಿತು. 1955ರಲ್ಲಿ ಚಿತ್ರಕಾರ್ತಿ ಮಾರಿಯಾ ಯಾರೆಮಾ ಮೊದಲಾದವರ ಜೊತೆ 'ಕ್ರಿಕೋತ್ 2' ತಂಡ ಕಟ್ಟಿದ. 'ಕ್ರಿಕೋತ್' ಅನ್ನುವುದು ಯುದ್ಧಕ್ಕೂ ಮುಂಚೆ ಕ್ರಾಕೋವ್‌ನಲ್ಲಿದ್ದ ಕಲಾವಿದರ ರಂಗತಂಡದ ಹೆಸರು. ಅದನ್ನು ಹಿಂದುಮುಂದು ಮಾಡಿ ಓದಿದರೆ ಪೋಲಿಷ್‌ನಲ್ಲಿ 'ಇದು ಸರ್ಕಸ್ಸು' ಅಂತಾಗುತ್ತದೆ. ತಂಡದಲ್ಲಿ ವೃತ್ತಿನಟರೂ ಇದ್ದರು, ಚಿತ್ರಕಾರರೂ ಇದ್ದರು. ಕ್ರಾಕೋವ್‌ನ ಒಂದು ಹಳೇ ಕಟ್ಟಡದ ನೆಲಮಾಳಿಗೆಯೇ ಅವರ ರಂಗಮಂದಿರ.

ಈ ಕಾಲದಲ್ಲಿ ಅವರು ಎತ್ತಿಕೊಂಡಿದ್ದು ಬಹುಮಟ್ಟಿಗೆ ವಿತ್ಕಾತ್ಸಿಯ ನಾಟಕಗಳನ್ನು. ವಿತ್ಕಾತ್ಸಿ ಕೂಡ ಚಿತ್ರಕಾರ, ನಾಟಕಕಾರ. 1939ರ ಸೆಪ್ಟೆಂಬರಿನಲ್ಲಿ ಸೋವಿಯತ್ ಸೈನ್ಯ ಪೋಲೆಂಡಿಗೆ ನುಗ್ಗಿದ ಸುದ್ದಿ ಕೇಳಿ ಪ್ರಾಣ ಕಳೆದುಕೊಂಡವನು. ತಾನು ಅವನ ನಾಟಕ ಆಡುವುದಿಲ್ಲ, ಅವನ ಜೊತೆ ಆಡುತ್ತೇನೆ ಅನ್ನುವುದು ಕಾಂತೋರ್ ವರಸೆ. 1961ರ ಒಂದು ನಾಟಕದಲ್ಲಿ ನಟರನ್ನೆಲ್ಲ ಒಂದು ಬೀರುವಿನೊಳಗೆ ಬಟ್ಟೆಗಳ ಹಾಗೆ ತುರುಕಿಬಿಟ್ಟಿದ್ದ. 1967ರಲ್ಲಿ ವಾರ್ಸಾದ ಬೀದಿಯಲ್ಲಿ ಏಳು ಜನ ಅಂಚೆಯವರು 14 ಮೀಟರ್ ಉದ್ದದ ಕಾಗದವೊಂದನ್ನು ಹೊತ್ತುಕೊಂಡು ಹೋಗಿ ಗ್ಯಾಲರಿಗೆ ಮುಟ್ಟಿಸಿದರು. ಅದೂ ಇವನದೇ ಕಿತಾಪತಿ. ಇವೆಲ್ಲ ಚೆನ್ನಾಗಿಯೇ ಇವೆ. ಆದರೆ ಇಷ್ಟಕ್ಕೇ ನಿಂತಿದ್ದರೆ ಅವನು ಆ ಕಾಲದ ಹತ್ತಾರು ತುಂಟ ಕಲಾವಿದರಲ್ಲಿ ಒಬ್ಬನಾಗಿ ಉಳಿಯುತ್ತಿದ್ದ ಅಂತ ನನ್ನ ಅನಿಸಿಕೆ.

ತಿರುವು ಬಂದಿದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲೊಂದು ಪಾಳುಬಿದ್ದ ಶಾಲೆ ಇತ್ತು. ಒಂದೇ ಕೋಣೆ. ಕಾಂತೋರ್ ಧೂಳು ಹಿಡಿದ ಕಿಟಕಿಗೆ ಮುಖ ಒತ್ತಿ ಒಳಗೆ ಇಣುಕಿದ. ಬೆಂಚುಗಳು ಕಂಡವು. ಒಳಗೆ ಹೋಗುವ ಹಾಗಿಲ್ಲ, ಬರೀ ನೋಡಬಹುದು. ನೆನಪು ಅಂದರೆ ಇಷ್ಟೇ ಅಲ್ವಾ? ಈ ಕಿಟಕಿಯಿಂದಲೇ 'ಸತ್ತ ತರಗತಿ' ಹುಟ್ಟಿತು ಅಂತ ಅವನೇ ಬರೆದಿದ್ದಾನೆ. 1975ರ ನವೆಂಬರ್ 15ರಂದು ಅದೇ ನೆಲಮಾಳಿಗೆಯಲ್ಲಿ ಮೊದಲ ಪ್ರದರ್ಶನ. ಅದರಲ್ಲಿ ವಿತ್ಕಾತ್ಸಿಯ ನಾಟಕದ ಚೂರುಗಳಿವೆ, ಪೋಲಿಷ್ ಲೇಖಕರಾದ ಬ್ರೂನೋ ಶುಲ್ಟ್ಸ್ ಮತ್ತು ಗೊಂಬ್ರೊವಿಚ್ ಕಥೆಗಳ ನೆರಳಿದೆ. ಆದರೆ ಯಾವುದೂ ಪೂರ್ತಿ ಇಲ್ಲ.

ತರಗತಿಯಲ್ಲಿ ಪಾಠ ನಡೆಯುತ್ತದೆ. ಬೈಬಲಿನ ರಾಜ ಸೊಲೊಮನ್ ಬಗ್ಗೆ ಪ್ರಶ್ನೆ ಕೇಳಿದರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ. ಒಬ್ಬ ಮುದುಕ ಹಳೇ ಮಕ್ಕಳ ಸೈಕಲ್ಲನ್ನು ಬಿಟ್ಟು ಒಂದು ಹೆಜ್ಜೆ ಇಡಲಾರ. ಒಬ್ಬ ಹೆಂಗಸಿಗೆ ಯಂತ್ರದ ತೊಟ್ಟಿಲು ಅಂಟಿಕೊಂಡಿದೆ; ನೋಡಲು ಪುಟ್ಟ ಶವಪೆಟ್ಟಿಗೆ, ಒಳಗೆ ಮಗುವಿನ ಬದಲು ಮರದ ಗುಂಡುಗಳು ಟಕಟಕ ಅಂತ ಹೊಡೆದುಕೊಳ್ಳುತ್ತವೆ. ಶಾಲೆಯ ಜವಾನ ಎದ್ದು ಆಸ್ಟ್ರಿಯಾ ಚಕ್ರವರ್ತಿಯ ಗೀತೆ ಹಾಡುತ್ತಾನೆ, ಆ ಸಾಮ್ರಾಜ್ಯ ಇಲ್ಲವಾಗಿ ಎಷ್ಟೋ ಕಾಲ ಆಗಿದೆ. ಕಸ ಗುಡಿಸುವವಳು ಬಂದು ಬೆಂಚು ಒರೆಸುತ್ತಾಳೆ, ಅವಳೇ ಸಾವು. ಮಧ್ಯೆ ಮಧ್ಯೆ ಅದೇ ವಾಲ್ಟ್ಸ್ ಮೊಳಗುತ್ತದೆ. ಬಾಗಿದ ಬೆನ್ನುಗಳೆಲ್ಲ ಒಮ್ಮೆಲೇ ನೆಟ್ಟಗಾಗುತ್ತವೆ, ಕಣ್ಣು ಹೊಳೆಯುತ್ತವೆ. ಸಂಗೀತ ನಿಂತ ತಕ್ಷಣ ಎಲ್ಲರೂ ಕುಸಿಯುತ್ತಾರೆ. ಆಮೇಲೆ ಮತ್ತೆ ಅದೇ.

ಯಾಕೆ ಹೀಗೆ ಮತ್ತೆ ಮತ್ತೆ? ನೆನಪು ಕಥೆಯ ಹಾಗೆ ಸಾಲಾಗಿ ಬರುವುದಿಲ್ಲ ಅನ್ನೋದೇ ಕಾಂತೋರ್ ವಾದ. ಬಾಲ್ಯವನ್ನು ನೆನೆಸಿಕೊಂಡರೆ ನಮಗೆ ಸಿಗುವುದು ನಿಂತ ಚಿತ್ರಗಳು. ಬಾಗಿಲಲ್ಲಿ ನಿಂತ ಅಮ್ಮ, ಎತ್ತಿದ ಬೆತ್ತ. ಚಿತ್ರ ಒಂದಿಷ್ಟು ಅಲುಗಾಡುತ್ತದೆ, ಮತ್ತೆ ಮೊದಲಿಗೇ ಬರುತ್ತದೆ. ಅವನು ಇದನ್ನು ಫೋಟೋ ನೆಗೆಟಿವ್‌ಗಳಿಗೆ ಹೋಲಿಸುತ್ತಿದ್ದ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಯಾರ ಮುಖ ಯಾರ ಮೈ ಮೇಲೋ ಕೂರುತ್ತದೆ. ರಂಗದ ಮೇಲೂ ಹಾಗೇ ಆಗಬೇಕು ಅಂದ.

ಆ ಹೊತ್ತಿಗೆ ಅವನು 'ಸಾವಿನ ರಂಗಭೂಮಿ' ಅಂತ ಒಂದು ಪ್ರಣಾಳಿಕೆಯನ್ನೂ ಬರೆದ. ಹೆಸರು ಕೇಳಿ ಹೆದರಬೇಕಿಲ್ಲ. ಮನೆ ಮುಂದೆ ಮಲಗಿಸಿದ ಹೆಣವನ್ನು ನೆನಪಿಸಿಕೊಳ್ಳಿ. ಮೊನ್ನೆಯವರೆಗೆ ಮಾತಾಡಿಸಿದ ಮನುಷ್ಯ. ಅದೇ ಮೂಗು, ಅದೇ ಕೈಬೆರಳು. ಆದರೂ ನಮಗೂ ಅವರಿಗೂ ನಡುವೆ ದಾಟಲಾಗದ ಗೆರೆ ಬಿದ್ದಿದೆ. ಅದಕ್ಕೇ ನಾವು ಅವರ ಮುಖವನ್ನು ಹಿಂದೆಂದೂ ನೋಡದಷ್ಟು ಗಮನವಿಟ್ಟು ನೋಡುತ್ತೇವೆ. ನಟ ಕೂಡ ಪ್ರೇಕ್ಷಕರಿಗೆ ಹಾಗೇ ಕಾಣಬೇಕು, ಥೇಟ್ ನಮ್ಮಂತೆಯೇ, ಆದರೆ ಕೈಗೆಟುಕದಷ್ಟು ದೂರ. ಗೊಂಬೆಗಳು ಬಂದಿದ್ದೂ ಇದಕ್ಕೇ. ನಟರನ್ನು ಓಡಿಸಿ ಗೊಂಬೆ ಇಡುವುದು ಅವನ ಉದ್ದೇಶ ಆಗಿರಲಿಲ್ಲ. ಪಕ್ಕದಲ್ಲೊಂದು ಮೇಣದ ಮುಖ ಇದ್ದರೆ ಜೀವ ಇರುವ ಮುಖವನ್ನು ನಾವು ಬೇರೆಯಾಗಿ ನೋಡುತ್ತೇವೆ, ಅಷ್ಟೇ.

ಇನ್ನು ಆ ಕಪ್ಪು ಸೂಟು. ನಿರ್ದೇಶಕ ಯಾಕೆ ರಂಗದ ಮೇಲಿದ್ದಾನೆ? ಯಕ್ಷಗಾನ ನೋಡಿ ಬೆಳೆದವರಿಗೆ ಭಾಗವತರು ನೆನಪಾಗಬಹುದು. ಆದರೆ ಭಾಗವತರು ಆಟವನ್ನು ನಡೆಸುತ್ತಾರೆ, ಅವರಿಗೊಂದು ಜಾಗ ಇದೆ. ಕಾಂತೋರ್‌ಗೆ ರಂಗದ ಮೇಲೆ ಜಾಗ ಇಲ್ಲ. ಅಲ್ಲಿರುವುದೆಲ್ಲ ಅವನ ತಲೆಯೊಳಗಿನ ಸರಕು. ಅದನ್ನು ನೋಡುತ್ತಾ ಅವನು ಹೊಸಿಲ ಮೇಲೆ ನಿಂತಿದ್ದಾನೆ. ಸಂಗೀತ ಜೋರು ಮಾಡಿಸುತ್ತಾನೆ, ಕೈ ಬೀಸಿ ಬೇಗ ಬೇಗ ಅನ್ನುತ್ತಾನೆ. ಪಾತ್ರಗಳು ಮಾತ್ರ ಅವನನ್ನು ತಿರುಗಿ ನೋಡುವುದಿಲ್ಲ. ಸತ್ತವರು ನಮ್ಮನ್ನು ನೋಡುತ್ತಾರೆಯೇ?

1976ರಲ್ಲಿ ಪೋಲೆಂಡಿನ ಸಿನಿಮಾ ನಿರ್ದೇಶಕ ಆಂದ್ಜೇ ವಾಯ್ದಾ ಈ ನಾಟಕವನ್ನು ಚಿತ್ರೀಕರಿಸಿದರು. ಅದೇ ವರ್ಷ ನಾಟಕ ಸ್ಕಾಟ್ಲೆಂಡಿನ ಎಡಿನ್‌ಬರೋಗೆ, 1979ರಲ್ಲಿ ನ್ಯೂಯಾರ್ಕಿನ ಲಾ ಮಾಮಾ ರಂಗಮಂದಿರಕ್ಕೆ ಹೋಯಿತು. ಎಲ್ಲ ಕಡೆ ಪೋಲಿಷ್‌ನಲ್ಲೇ ಆಡಿದರು. ಜನ ಭಾಷೆ ಗೊತ್ತಿಲ್ಲದೆಯೂ ಅತ್ತರು. ಹದಿನೈದು ನಿಮಿಷಕ್ಕೆ ಲ್ಯಾಪ್‌ಟಾಪ್ ಮುಚ್ಚಿದ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಗಿದ್ದು ನಿಜ.

ಬದುಕು ನೇರವಾಗಿ ರಂಗಕ್ಕೆ ಬಂದಿದ್ದು ಇದರ ಮುಂದಿನ ನಾಟಕದಲ್ಲಿ. ಹೆಸರು ಊರಿನದೇ, ಎರಡು ಸಲ: 'ವ್ಯೆಲೋಪೋಲೆ, ವ್ಯೆಲೋಪೋಲೆ'. ಮೊದಲ ಪ್ರದರ್ಶನ 1980ರಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಅದರ ಆರಂಭವನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡೋಣ. ಅವಳಿ ಸೋದರರಾದ ಇಬ್ಬರು ನಟರು ಕಾಂತೋರ್‌ನ ಮಾವಂದಿರು ಕರೋಲ್ ಮತ್ತು ಓಲೆಕ್ ಆಗಿ ಬರುತ್ತಾರೆ. ಅವರ ಕೆಲಸ ಬಾಲ್ಯದ ಕೋಣೆಯನ್ನು ಮತ್ತೆ ಜೋಡಿಸುವುದು. ಮೇಜು ಎಲ್ಲಿತ್ತು? ಕುರ್ಚಿ ಎಷ್ಟಿದ್ದವು? ಸೂಟ್‌ಕೇಸು ಇತ್ತೋ ಇಲ್ಲವೋ? ಒಬ್ಬ ಇಡುತ್ತಾನೆ, ಇನ್ನೊಬ್ಬ ತೆಗೆಯುತ್ತಾನೆ. ಇಬ್ಬರೂ ಜಗಳ ಕಾಯುತ್ತಾರೆ. ಮನೆಯ ಮನುಷ್ಯರ ಮೇಲೂ ಇದೇ ತಕರಾರು, ಇವರು ಇಲ್ಲಿರಲಿಲ್ಲ, ಹೊರಗೆ ಹಾಕು. ನೋಡುವವರಿಗೆ ನಗು ಬರುತ್ತದೆ. ತಂದೆಯ ಮನೆ ಮಾರಿದ ಮೇಲೆ ಅಣ್ಣ ತಮ್ಮಂದಿರು ಕೂತು 'ಬಾವಿ ಎಡಕ್ಕಿತ್ತು ಕಣೋ', 'ಇಲ್ಲ, ಬಲಕ್ಕಿತ್ತು' ಅಂತ ವಾದ ಮಾಡುವುದನ್ನು ಕೇಳಿದ್ದೀರಾ? ಇದು ಅದೇ. ಕೋಣೆ ಕಡೆಗೂ ಸರಿಯಾಗುವುದಿಲ್ಲ.

ಆ ಸರಿಯಾಗದ ಕೋಣೆಗೇ ಎಲ್ಲರೂ ಬರುತ್ತಾರೆ. ಪಾದ್ರಿಯ ಮಂಚಕ್ಕೊಂದು ಹಿಡಿಕೆ ಇದೆ. ತಿರುಗಿಸಿದರೆ ಮಂಚ ಮಗುಚಿ ಒಂದು ಸಲ ನಟ ಮೇಲೆ ಬರುತ್ತಾನೆ, ಒಂದು ಸಲ ಅವನದೇ ಮುಖದ ಗೊಂಬೆ. ಫೋಟೋದವನ ವಿಧವೆ ಕ್ಯಾಮೆರಾ ತರುತ್ತಾಳೆ. ಎಲ್ಲರೂ ನಗುತ್ತಾ ನಿಂತಾಗ ಅದು ಮೆಷಿನ್‌ಗನ್ ಆಗುತ್ತದೆ. ಫೋಟೋ ತೆಗೆಯುವುದೂ ಕೊಲ್ಲುವುದೂ ಇಲ್ಲಿ ಒಂದೇ ಕೆಲಸ, ಎರಡರಲ್ಲೂ ಮನುಷ್ಯ ಅಲ್ಲಾಡದೆ ನಿಂತುಬಿಡುತ್ತಾನೆ. ಯುದ್ಧಕ್ಕೆ ಹೊರಟ ಸೈನಿಕರು ಹಳೇ ಫೋಟೋದಿಂದ ಇಳಿದು ಬಂದವರಂತೆ ಮರಗಟ್ಟಿ ನಡೆಯುತ್ತಾರೆ. ಅವರಲ್ಲೊಬ್ಬ ಅಪ್ಪ ಮಾರಿಯಾನ್. ಅಮ್ಮನಿಗೂ ಅವನಿಗೂ ಮತ್ತೆ ಮದುವೆ ಮಾಡಿಸುತ್ತಾರೆ, ಇಬ್ಬರೂ ಸತ್ತಮೇಲೆ. ಪುಟ್ಟ ರಬ್ಬಿಯೊಬ್ಬ, ಅಂದರೆ ಯೆಹೂದಿ ಧರ್ಮಗುರು, ಬಂದು ಹಾಡುತ್ತಾನೆ. ಸೈನಿಕರು ಗುಂಡು ಹೊಡೆಯುತ್ತಾರೆ, ಬೀಳುತ್ತಾನೆ. ಎದ್ದು ಮತ್ತೆ ಹಾಡುತ್ತಾನೆ, ಮತ್ತೆ ಗುಂಡು. ಆ ಊರಿನ ಯೆಹೂದಿಗಳಿಗೆ ಏನಾಯಿತು ಅಂತ ನಾಟಕ ಒಂದು ವಾಕ್ಯದಲ್ಲೂ ಹೇಳುವುದಿಲ್ಲ.

ಈ ನಟರನ್ನು ಕಾಂತೋರ್ 'ಬಾಡಿಗೆಗೆ ಬಂದವರು' ಅನ್ನುವ ಅರ್ಥದಲ್ಲಿ ನೋಡುತ್ತಿದ್ದ. ನಿಜವಾದ ಅಮ್ಮ ಬರಲಾರಳು. ಅವಳ ಜಾಗದಲ್ಲಿ ನಿಲ್ಲಲು ಯಾರೋ ಅಪರಿಚಿತರನ್ನು ಕರೆಸಿಕೊಳ್ಳಬೇಕು. ಅವರು ಅವಳಂತೆ ಇರುವುದಿಲ್ಲ, ಗೊತ್ತಿದ್ದೂ ಕರೆಸಿಕೊಳ್ಳಬೇಕು. ಕಡೆಗೆ ಕ್ರಿಸ್ತನ ಕೊನೆಯ ಊಟದಂಥ ಒಂದು ಉದ್ದ ಮೇಜು. ಎಲ್ಲ ಮುಗಿದು ರಂಗ ಖಾಲಿಯಾದಾಗ ಕಾಂತೋರ್ ಮೇಜಿನ ಬಿಳಿ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋಗುತ್ತಾನೆ. 1983ರಲ್ಲಿ ಈ ನಾಟಕವನ್ನು ವ್ಯೆಲೋಪೋಲೆಗೇ ತೆಗೆದುಕೊಂಡು ಹೋಗಿ ಅಲ್ಲಿನ ಚರ್ಚಿನಲ್ಲಿ ಆಡಿದರು.

1985ರ 'ಕಲಾವಿದರು ಸಾಯಲಿ' ನಾಟಕದಲ್ಲಿ ಅವನ ಬದುಕಿನ ಜೊತೆ ಇನ್ನೊಬ್ಬ ಕಲಾವಿದನ ಬದುಕು ಹೆಣೆದುಕೊಂಡಿತು. ಕ್ರಾಕೋವ್‌ನ ದೊಡ್ಡ ಚರ್ಚಿಗೆ ಹದಿನೈದನೇ ಶತಮಾನದಲ್ಲಿ ಮರದ ಬಲಿಪೀಠ ಕೆತ್ತಿದ ಶಿಲ್ಪಿ ವೈಟ್ ಸ್ಟಾಸ್. ಆಮೇಲೆ ಅವನು ಜರ್ಮನಿಯ ನ್ಯೂರೆಂಬರ್ಗಿಗೆ ಹೋದ. ಅಲ್ಲಿ ಕಾಗದಪತ್ರ ತಿದ್ದಿದ ಆರೋಪದಲ್ಲಿ ಅವನ ಕೆನ್ನೆಗಳಿಗೆ ಬರೆ ಹಾಕಿದರು. ನಾಟಕದ ಮೊದಲ ಪ್ರದರ್ಶನ ನ್ಯೂರೆಂಬರ್ಗಿನಲ್ಲೇ. ಅವಳಿ ನಟರು ಇದರಲ್ಲೂ ಇದ್ದಾರೆ: ಒಬ್ಬ ಸಾಯುತ್ತಿರುವ ಕಾಂತೋರ್, ಇನ್ನೊಬ್ಬ ಆ ಸಾವನ್ನು ಬರೆಯುತ್ತಿರುವ ಕಾಂತೋರ್. ಆಟಿಕೆ ಗಾಡಿಯ ಜೊತೆ ಆರು ವರ್ಷದ ಕಾಂತೋರ್ ಕೂಡ ಇದ್ದಾನೆ. ಪಕ್ಕದಲ್ಲಿ ನಿಜವಾದವನು. ಲೆಕ್ಕ ಹಾಕಿದರೆ ನಾಲ್ಕು ಜನ.

1988ರ ನಾಟಕದ ಹೆಸರು 'ನಾನೆಂದೂ ತಿರುಗಿ ಬರುವುದಿಲ್ಲ'. ಒಂದು ಕೊಳಕು ಹೆಂಡದಂಗಡಿ. ಅಲ್ಲಿಗೆ ಕಾಂತೋರ್ ಬಂದು ಕೂರುತ್ತಾನೆ. ಇಷ್ಟು ವರ್ಷ ಅಂಚಿನಲ್ಲಿ ನಿಂತವನು ಈ ಸಲ ಪಾತ್ರವೇ ಆಗಿದ್ದಾನೆ. ಅವನ ಹಳೇ ನಾಟಕಗಳ ಪಾತ್ರಗಳೆಲ್ಲ ಹರಿದ ಬಟ್ಟೆಯಲ್ಲಿ ಬಂದು ಅವನನ್ನು ಮುತ್ತುತ್ತವೆ, ಬೈಯುತ್ತವೆ. ಕೊನೆಗೆ 1944ರ ಒಡಿಸಿಯಸ್ ಕೂಡ ವಾಪಸ್ ಬರುತ್ತಾನೆ. ನಲವತ್ತನಾಲ್ಕು ವರ್ಷಗಳ ಮೇಲೆ. ಬಾರದ ಅಪ್ಪನೂ ಬಂದ ಒಡಿಸಿಯಸ್ಸೂ ಈ ಹೆಂಡದಂಗಡಿಯಲ್ಲಿ ಒಂದೇ ಆಗಿಬಿಡುತ್ತಾರೆ ಅಂತ ನನಗೆ ಕಾಣುತ್ತದೆ.

ಕಡೆಯ ನಾಟಕ 'ಇವತ್ತು ನನ್ನ ಹುಟ್ಟುಹಬ್ಬ'. ರಂಗದ ಮೇಲೆ ದೊಡ್ಡ ಚಿತ್ರಚೌಕಟ್ಟುಗಳು; ಒಳಗಿನವರು ಹೊರಗೆ ಬರುತ್ತಾರೆ, ಹೊರಗಿನವರು ಒಳಗೆ ಹೋಗುತ್ತಾರೆ. ಕಾಂತೋರ್‌ನದೇ ವೇಷದ ನಟನೊಬ್ಬ ಅವನ ಸ್ವಚಿತ್ರವಾಗಿ ಚೌಕಟ್ಟಿನಲ್ಲಿದ್ದಾನೆ. ಹೊರಗೆ ಮೇಜಿನ ಹತ್ತಿರ ಕಾಂತೋರ್ ತಾನೇ ಕೂರಬೇಕಿತ್ತು. ತಾಲೀಮು ನಡೆಯುತ್ತಿದ್ದ ದಿನಗಳಲ್ಲೇ, 1990ರ ಡಿಸೆಂಬರ್ 8ರಂದು, ಕ್ರಾಕೋವ್‌ನಲ್ಲಿ ತೀರಿಕೊಂಡ. ತಂಡ ನಾಟಕ ಕೈಬಿಡಲಿಲ್ಲ. ಮುಂದಿನ ಜನವರಿಯಲ್ಲಿ ಫ್ರಾನ್ಸಿನ ತೂಲೂಸ್‌ನಲ್ಲಿ ಆಡಿದರು. ಅವನ ಕುರ್ಚಿಯನ್ನು ಹಾಗೇ ಖಾಲಿ ಬಿಟ್ಟರು. ಮೊದಲೇ ಧ್ವನಿಮುದ್ರಣ ಮಾಡಿದ್ದ ಅವನ ದನಿ ಕೇಳಿಬಂತು.

ಸತ್ತಮೇಲೆ ಅವನ ಬದುಕು ಬೇರೆಯವರಿಗೆ ನಾಟಕದ ವಸ್ತುವಾಯಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ನ್ಯೂಯಾರ್ಕಿನ ರಂಗತಂಡ ವೂಸ್ಟರ್ ಗ್ರೂಪ್ 2017ರಲ್ಲಿ ಆಡಿದ 'ಒಂದು ಗುಲಾಬಿ ಕುರ್ಚಿ'. ನಿರ್ದೇಶನ ಎಲಿಜಬೆತ್ ಲಕಾಂಪ್ಟ್ ಅವರದು. ಈ ತಂಡದವರು 'ನಾನೆಂದೂ ತಿರುಗಿ ಬರುವುದಿಲ್ಲ' ನಾಟಕದ ವಿಡಿಯೋವನ್ನು ಮುಂದಿಟ್ಟುಕೊಂಡು, ಅದರಲ್ಲಿನ ಚಲನೆಗಳನ್ನು ರಂಗದ ಮೇಲೆ ಮತ್ತೆ ಮಾಡುತ್ತಾರೆ. ಕಾಂತೋರ್‌ನ ಜಾಗದಲ್ಲೂ ಒಬ್ಬ ನಟ ಇದ್ದಾನೆ. ಸತ್ತವನಿಗೆ ಬಾಡಿಗೆಯವರು. ಈ ಕೆಲಸದಲ್ಲಿ ಕಾಂತೋರ್‌ನ ಮಗಳೂ ಜೊತೆಗಿದ್ದರು. ಹೆಚ್ಚು ಒಡನಾಟ ಸಿಗದ ಅಪ್ಪನನ್ನು ಹುಡುಕುವ ಅವರ ಮಾತುಗಳು ವಿಡಿಯೋದಲ್ಲಿ ಬರುತ್ತವೆ. ಕಾಂತೋರ್ ತನ್ನ ಅಪ್ಪನಿಗಾಗಿ ಮಾಡಿದ ಕೆಲಸವೇ ಇದು, ಈಗ ಅವನಿಗಾಗಿ ಇನ್ನೊಬ್ಬರು ಮಾಡುತ್ತಿದ್ದಾರೆ.

ನೋಡಬೇಕು ಅನ್ನಿಸಿದವರಿಗೆ ಒಂದು ಮಾತು. ವಾಯ್ದಾ ತೆಗೆದ 'ಸತ್ತ ತರಗತಿ'ಯಿಂದಲೇ ಶುರು ಮಾಡಿ. ಮಾತುಗಳನ್ನು ಹಿಡಿಯಲು ಹೋಗಬೇಡಿ, ವಾಲ್ಟ್ಸ್ ಬಂದಾಗ ಬೆನ್ನುಗಳನ್ನು ನೋಡಿ. ಕ್ರಾಕೋವ್‌ಗೆ ಹೋಗುವ ಯೋಗ ಇದ್ದರೆ, ವಿಸ್ತುಲಾ ನದಿಯ ದಡದಲ್ಲಿ ಹಳೇ ವಿದ್ಯುತ್ ಸ್ಥಾವರದ ಜಾಗದಲ್ಲಿ 2014ರಲ್ಲಿ ತೆರೆದ ಕ್ರಿಕೋತೆಕಾ ಸಂಗ್ರಹಾಲಯ ಇದೆ. ಅವನ ನಾಟಕಗಳ ವಸ್ತುಗಳನ್ನು ಅಲ್ಲೇ ಕಾಪಾಡಿದ್ದಾರೆ. ಅದೇ ಊರಿನ ರಾಕೊವಿತ್ಸ್ಕಿ ಸ್ಮಶಾನದಲ್ಲಿ ಅಮ್ಮನ ಜೊತೆಗೇ ಅವನ ಸಮಾಧಿ ಇದೆ. ಅದರ ಮೇಲೊಂದು ಶಾಲೆಯ ಬೆಂಚು, ಬೆಂಚಿನಲ್ಲಿ ಕೂತ ಒಬ್ಬ ಹುಡುಗ.